ಎಲುಬು ಕೂಡಿಸಿದ ದಿನ

ಉದಗೀರ,
ಮೇ ೧೮, ರವಿವಾರ

ಪ್ರೀತಿಯ ಆಯಿಗೆ,

ನಿನ್ನ ಮೊಮ್ಮಗಳು ಮೀನಲಳ ಶರಣಾರ್ಥಿ. ಮೊಣಕಾಲಿನ ನೋವು ಹೇಗಿದೆ? ನಿಲಂಗಾದ ಅತ್ತೆಯ ಮನೆಯಲ್ಲಿ ಮಾಳಿಗೆ ಹತ್ತಬೇಡ. ಸಂಡಿಗೆ ಒಣಗಿಸುವ ನೆಪ ಮಾಡಿಕೊಂಡು ನೀನು ಹತ್ತಿಯೇ ಹತ್ತುತ್ತೀ ಎಂದು ಗೊತ್ತು, ಆದರೂ ಹೇಳುವುದು ನನ್ನ ಕೆಲಸ. ಕಣ್ಣಿಗೆ ಔಷಧಿ ಹಾಕಿಕೊಳ್ಳುತ್ತಿದ್ದೀಯಾ? ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ವಿದ್ಯಾವತಿ ಅತ್ತೆ ಸ್ಪೀಕರ್ ಹಾಕಿ ಇಡೀ ಓಣಿಗೆ ಕೇಳಿಸುತ್ತಾಳೆ. ಇದು ನಿನ್ನೊಬ್ಬಳಿಗೇ ಹೇಳುವ ಮಾತು. ನನ್ನ ಕೋಣೆಯ ಹುಡುಗಿಯರು ಪತ್ರದ ತಲೆಗೆ ‘ಆಯಿ’ ಎಂದು ಬರೆದಿದ್ದೇನೆ ಎಂದು ಕೇಳಿ, ಪಾಪ, ತಾಯಿಗೆ ಇಷ್ಟುದ್ದ ಬರೆಯುತ್ತಿದ್ದಾಳೆ ಎಂದುಕೊಂಡಿದ್ದಾರೆ. ಅವರ ಮರಾಠಿಯಲ್ಲಿ ಆಯಿ ಎಂದರೆ ತಾಯಿ ತಾನೆ, ನಾವು ಅಜ್ಜಿಗೆ ಆಯಿ, ಅಜ್ಜನಿಗೆ ಮುತ್ಯಾ ಎನ್ನುವುದು ಅವರಿಗೇನು ಗೊತ್ತು. ನಾನೂ ತಿದ್ದಲು ಹೋಗಲಿಲ್ಲ. ನನಗೆ ಕನ್ನಡ ಅಕ್ಷರ ಕಲಿಸಿದವನು ಮುತ್ಯಾ, ಅದೂ ಪಾಟಿಯ ಮೇಲೆ. ಒತ್ತಕ್ಷರ ತಪ್ಪಿದ್ದರೆ ಅವನ ಮೇಲೆ ಸಿಟ್ಟಾಗು. ಹೇಗೂ ಸಿಟ್ಟಾಗಿಯೇ ಇದ್ದೀಯಲ್ಲ.

ಇಲ್ಲಿಯ ಬಿಸಿಲು ನಮ್ಮೂರು ದಾಳಿಂಬದ ಬಿಸಿಲಿನಂತೆಯೇ ಇದೆ, ಆದರೆ ಕಾಲೇಜಿನ ಒಳಗೆ ಬಂದರೆ ಬೇರೆಯೇ ಊರು. ಉದ್ದುದ್ದ ಪಡಸಾಲೆ, ತಣ್ಣನೆಯ ನೆಲ, ಎಲ್ಲೋ ತಿರುಗುವ ಫ್ಯಾನಿನ ಸದ್ದು. ಸುತ್ತಲಿನ ತಾಲೂಕುಗಳ ಹೈಸ್ಕೂಲುಗಳಲ್ಲಿ ಮೊದಲು ಬಂದವರನ್ನೇ ಆರಿಸಿ ಈ ವೈದ್ಯಕೀಯ ವಿಜ್ಞಾನದ ಬೇಸಿಗೆ ಶಿಬಿರಕ್ಕೆ ಕರೆದಿದ್ದಾರೆ. ಅದಕ್ಕೇ ಪ್ರಶ್ನೆ ಕೇಳಿದರೆ ಎಲ್ಲರ ಕೈಯೂ ಒಟ್ಟಿಗೆ ಮೇಲೇಳುತ್ತದೆ. ನಮ್ಮ ಶಾಲೆಯಲ್ಲಿ ನನ್ನೊಬ್ಬಳದೇ ಏಳುತ್ತಿತ್ತು, ಸ್ವಲ್ಪ ಹೊಟ್ಟೆ ಉರಿಯಿತು. ಒಂದು ದಿನ ಸ್ಟೆಥಸ್ಕೋಪು ಕೊಟ್ಟು ನಮ್ಮ ನಮ್ಮ ಎದೆಯನ್ನೇ ಕೇಳಿಸಿಕೊಳ್ಳಲು ಹೇಳಿದರು. ಆಯಿ, ಒಳಗೆ ನೀನು ರೊಟ್ಟಿ ಬಡಿಯುತ್ತಿದ್ದೆ. ಕಣ್ಣು ಮುಚ್ಚಿದರೆ ಹಿಟ್ಟಿನ ವಾಸನೆಯೂ ಬಂದಂತಾಯಿತು. ಪಕ್ಕದವಳು ಅಲುಗಾಡಿಸಿ ಸ್ಟೆಥಸ್ಕೋಪು ಕಿತ್ತುಕೊಳ್ಳುವವರೆಗೂ ನಾನು ದಾಳಿಂಬದ ಅಡುಗೆಮನೆಯಲ್ಲೇ ಕುಳಿತಿದ್ದೆ. ಆದರೆ ನೀನು ಆ ಅಡುಗೆಮನೆಯಲ್ಲಿ ಇಲ್ಲ ಎನ್ನುವುದು ಆಮೇಲೆ ನೆನಪಾಗಿ ಅಳು ಬಂತು.

ಯುಗಾದಿಯ ದಿನದ ಮಾತು ನನ್ನಿಂದಲೇ ಹುಟ್ಟಿದ್ದು ಎಂದು ನನಗೆ ಅನಿಸುತ್ತದೆ. ಶಿಬಿರಕ್ಕೆ ನನ್ನ ಹೆಸರು ಬಂದಿದೆ ಎಂದು ಕುಣಿಯುತ್ತ ಹೇಳಿದವಳು ನಾನು. ಆ ಸಂಭ್ರಮದಲ್ಲೇ ಅಲ್ಲವೇ ಮುತ್ಯಾ, ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ, ಸತ್ತ ಮೇಲೆ ತನ್ನ ದೇಹವನ್ನು ಡಾಕ್ಟರಿಕೆ ಕಲಿಯುವ ಮಕ್ಕಳಿಗೆ ಕೊಡುತ್ತೇನೆ ಎಂದದ್ದು? “ನಮ್ಮ ಮೀನಲ ಕಲೀಬೇಕಂದ್ರ ಯಾರದರ ಮೈ ಬೇಕಲ್ಲ” ಎಂದ. ನೀನು ಕೂಗಾಡಲಿಲ್ಲ. ತುಪ್ಪದ ಗಿಂಡಿ ಕೆಳಗಿಟ್ಟು, “ಹಂಗಾರ ಹೊಲದಾಗ ನನ್ನ ಬಾಜೂ ಯಾರಿಗಿ ಕೂಡಸ್ತೀರಿ?” ಎಂದು ಕೇಳಿದೆ. ಮರುದಿನ ನೀನು ನಿಲಂಗಾದ ಬಸ್ಸು ಹತ್ತಿದೆ. ಬಾವಿಯ ಹತ್ತಿರದ ಬೇವಿನ ಕೆಳಗೆ, ಮುತ್ಯಾನ ಅಪ್ಪ ಅವ್ವನನ್ನು ಕೂಡಿಸಿ ಮಣ್ಣು ಮಾಡಿದ ಗದ್ದುಗೆಗಳ ಪಕ್ಕ, ನಿಮ್ಮಿಬ್ಬರಿಗೆಂದು ಬಿಟ್ಟ ಜಾಗದಲ್ಲಿ ನಾವು ಯಾವತ್ತೂ ಸೋಯಾಬೀನ್ ಬಿತ್ತಿಲ್ಲ. ಚಿಕ್ಕವಳಿದ್ದಾಗ ನಾನು ಅಲ್ಲೇ ಆಡುತ್ತಿದ್ದೆ, ‘ಇದು ಆಯಿ, ಇದು ಮುತ್ಯಾ’ ಎಂದು ಗೆರೆ ಎಳೆದು. ನೀವಿಬ್ಬರೂ ನೋಡಿ ನಗುತ್ತಿದ್ದಿರಿ.

ಈಗ ಕೇಳು. ಇಲ್ಲಿ ಎಲುಬುಗಳ ಕೋಣೆ ಎಂದು ಒಂದಿದೆ. ಅದರ ಮೂಲೆಯಲ್ಲಿ ಒಂದು ಅಸ್ಥಿಪಂಜರವನ್ನು ನೆತ್ತಿಗೆ ಕೊಕ್ಕೆ ಹಾಕಿ ನಿಲ್ಲಿಸಿದ್ದಾರೆ. ಉಳಿದವರು ಹೆದರಿದರು, ನನಗೆ ಮಾತ್ರ ಅಯ್ಯೋ ಅನಿಸಿತು. ಅಂವಾ ಯಾರೋ ಏನೋ, ಎಷ್ಟು ವರ್ಷದಿಂದ ನಿಂತೇ ಇದ್ದಾನೆ, ಯಾರೂ ಕೂಡು ಎಂದಿಲ್ಲ. ಅಲ್ಲಿ ಪಾಠ ಮಾಡುವ ಗುರುಲಿಂಗ ಸರ್ ಭಾಲ್ಕಿ ಕಡೆಯವರು. ಎಲ್ಲರಿಗೂ ಮರಾಠಿಯಲ್ಲಿ ಹೇಳುತ್ತಾರೆ. ನಾನೂ ನಿಲಂಗಾದ ಭುವನೇಶ್ವರಿಯೂ ಮನೆಯಲ್ಲಿ ಕನ್ನಡ ಆಡುವವರು ಎಂದು ತಿಳಿದ ಮೇಲೆ ನಮ್ಮ ಮೇಜಿನ ಹತ್ತಿರ ಬಂದಾಗ ಕನ್ನಡದಲ್ಲೇ ಮಾತಾಡಿಸುತ್ತಾರೆ. ಮೊನ್ನೆ ಪ್ರತಿ ಮೇಜಿಗೂ ಬಿಡಿ ಎಲುಬುಗಳ ಪೆಟ್ಟಿಗೆ ಕೊಟ್ಟರು. ನಮ್ಮ ಬಳಿ ಬಂದು, “ಎಲ್ಲಾ ಎಲುಬು ಛಂದಂಗ ಕೂಡಸ್ರಿ” ಎಂದು ಹೇಳಿ ಮುಂದೆ ಹೋದರು. ನಾವು ಕೂಡಿಸಿದೆವು. ಬೆನ್ನೆಲುಬು ಇಟ್ಟೆವು, ಕಾಲಿನ ಎಲುಬುಗಳನ್ನು ಮಡಚಿದ ಹಾಗೆ ಇಟ್ಟು ಚಕ್ಕಳಮಕ್ಕಳ ಹಾಕಿಸಿದೆವು, ಎಡಗೈಯ ಸಣ್ಣ ಸಣ್ಣ ಎಲುಬುಗಳನ್ನೆಲ್ಲ ಮಡಿಲಲ್ಲಿ ಅಂಗೈ ಮೇಲಾಗಿ ಜೋಡಿಸಿದೆವು, ಲಿಂಗ ಇಡುವ ಹಾಗೆ. ಭುವನೇಶ್ವರಿಗೂ ಬೇರೆ ಥರ ಮಾಡಬೇಕು ಎಂದು ಹೊಳೆಯಲಿಲ್ಲ. ತಲೆ ಎತ್ತಿ ನೋಡಿದರೆ ಉಳಿದ ಮೇಜುಗಳ ಮೇಲೆ ಎಲ್ಲರೂ ಉದ್ದಕ್ಕೆ ಮಲಗಿದ್ದರು. ನಮ್ಮವನೊಬ್ಬನೇ ಪೂಜೆಗೆ ಕುಳಿತಿದ್ದ.

ಕೋಣೆಯೆಲ್ಲ ನಗು. ಇವತ್ತೇ ಮನೆಗೆ ಕಳಿಸುತ್ತಾರೆ ಎಂದುಕೊಂಡೆ. ಸರ್ ಬಂದು ನೋಡಿದರು, ಮೊದಲು ಅವರಿಗೂ ನಗು ಬಂತು. ಆಮೇಲೆ ಆ ಎಡಗೈಯನ್ನೇ ನೋಡುತ್ತ ನಿಂತು, “ನಾ ಜೋಡಸ್ರಿ ಅನ್ನೂ ಅರ್ಥದಾಗ ಹೇಳಿದೆ, ನೀವು ನಮ್ಮ ಮಂದಿಗಿ ಕೂಡಸಿದಂಗ ಕೂಡಸೀರಿ. ನಮ್ಮ ಅಪ್ಪಗೂ ಹಿಂಗೇ ಕೂಡಸೀವಿ” ಎಂದರು. ಆ ದಿನ ಉಳಿದ ಎಲ್ಲ ಪೆಟ್ಟಿಗೆ ಎತ್ತಿಟ್ಟರೂ ನಮ್ಮದನ್ನು ಸಂಜೆಯವರೆಗೆ ಮುಟ್ಟಲಿಲ್ಲ. ಅವರ ಮುಖ ನೋಡಿ ನನಗೂ ಧೈರ್ಯ ಬಂತು. ಯಾರಾದರೂ ದೇಹ ಕೊಟ್ಟರೆ ಅವರನ್ನು ಮತ್ತೆ ಕೂಡಿಸಲು ಆಗುತ್ತದೆಯೇ ಎಂದು ಕೇಳಿಬಿಟ್ಟೆ. ಮೊದಲೇ ಮಾತಾಡಿಕೊಂಡಿದ್ದರೆ, ಮಕ್ಕಳ ಕಲಿಕೆ ಮುಗಿದ ಮೇಲೆ ಎಲುಬುಗಳನ್ನು ಮನೆಯವರಿಗೆ ಕೊಡುವುದುಂಟು ಎಂದರು. ತಡ ಆಗುತ್ತದೆ ಅಷ್ಟೇ, ಅಂತಲೂ ಅಂದರು.

ಅಂದಿನಿಂದ ಒಂದು ಕನಸು ಮತ್ತೆ ಮತ್ತೆ ಬೀಳುತ್ತಿದೆ. ಬೇವಿನ ಹೂವು ಉದುರುತ್ತಿರುತ್ತದೆ. ನೀನು ನಿನ್ನ ಜಾಗದಲ್ಲಿ ಸೆರಗು ಸರಿಮಾಡಿಕೊಂಡು ಕುಳಿತಿದ್ದೀ, ದಾರಿ ಕಾಯುತ್ತಿದ್ದೀ. ದೂರದ ಬದುವಿನ ಮೇಲೆ ಮುತ್ಯಾ ನಿಧಾನಕ್ಕೆ ಬರುತ್ತಾನೆ, ಶಾಲೆ ಬಿಟ್ಟು ಬಂದವನ ಹಾಗೆ. ನೀನು ‘ಇಷ್ಟು ಹೊತ್ತ್ಯಾಕ?’ ಎನ್ನುತ್ತೀ. ಅಂವಾ ಏನೋ ಹೇಳುತ್ತಾನೆ, ಅದು ನನಗೆ ಕೇಳಿಸುವುದಿಲ್ಲ, ನೀವಿಬ್ಬರೂ ನಗುವುದು ಮಾತ್ರ ಕೇಳಿಸುತ್ತದೆ. ಆಯಿ, ನೀನು ಒಪ್ಪು ಎಂದು ಹೇಳಲು ನಾನು ದೊಡ್ಡವಳಲ್ಲ. ಬೇಡ ಎನ್ನುವ ಹಕ್ಕು ನಿನ್ನದು, ಆ ಜಾಗವೂ ನಿನ್ನದು. ಆದರೆ ಸತ್ತ ಮೇಲೆ ಯಾರು ಎಲ್ಲಿ ಕೂಡಬೇಕು ಎಂಬ ಜಗಳದಲ್ಲಿ ನೀವಿಬ್ಬರೂ ಬದುಕಿರುವಾಗಲೇ ಬೇರೆ ಬೇರೆ ಊರಲ್ಲಿ ಕುಳಿತಿದ್ದೀರಿ. ಅದನ್ನು ನನ್ನ ಕೈಯಲ್ಲಿ ತಡೆದುಕೊಳ್ಳಲು ಆಗುತ್ತಿಲ್ಲ. ನನಗೆ ನಿಮ್ಮಿಬ್ಬರನ್ನೂ ಒಂದೇ ಮನೆಯಲ್ಲಿ ನೋಡಬೇಕು.

ಅತ್ತೆಗೂ ಮಾಮಾಗೂ ನನ್ನ ನಮಸ್ಕಾರ ಹೇಳು. ಮಧ್ಯಾಹ್ನ ಭುವನೇಶ್ವರಿಯ ಅಪ್ಪ ಅವಳನ್ನು ನೋಡಲು ಬರುತ್ತಾರೆ, ಅವರ ಕೈಯಲ್ಲಿ ಪತ್ರ ಕೊಡುತ್ತೇನೆ. ನಿನ್ನ ಕೈ ನನ್ನ ತಲೆಯ ಮೇಲೆ ಇರಲಿ.

ನಿನ್ನ,
ಮೀನಲ

ತಾ. ಕ.: ಪತ್ರ ಮಡಚುವಷ್ಟರಲ್ಲಿ ಮುತ್ಯಾ ಬಂದುಬಿಟ್ಟ. ಯಾರಿಗೂ ಹೇಳದೆ ಬಂದಿದ್ದಾನೆ, ರೊಟ್ಟಿ ತಾನೇ ಬಡಿದು ತಂದಿದ್ದಾನೆ, ಅವನ್ನು ತಿನ್ನಲು ಹಲ್ಲು ಗಟ್ಟಿ ಇರಬೇಕು. ಬರುವಾಗ ಬಸ್ಸು ನಿಲಂಗಾದಲ್ಲಿ ನಿಂತಿತ್ತಂತೆ, ಇಳಿಯಲು ಧೈರ್ಯವಾಗದೆ ಕಿಟಕಿಯಿಂದ ಅತ್ತೆಯ ಓಣಿಯ ಕಡೆ ನೋಡುತ್ತ ಕುಳಿತಿದ್ದನಂತೆ. ಎಲ್ಲ ಹೇಳಿದೆ. ಆಮೇಲೆ, “ಆಕಿ ಹೂಂ ಅನ್ನದ ನಾ ಎಲ್ಲೂ ಹೋಗಂಗಿಲ್ಲ ಅಂತ ಬರಿ” ಎಂದ. ನಾನು ಬರೆಯುವುದಿಲ್ಲ, ನೀನೇ ಹೋಗಿ ಹೇಳು ಎಂದೆ. ಅದಕ್ಕೇ ಈ ಪತ್ರ ಭುವನೇಶ್ವರಿಯ ಅಪ್ಪನ ಕೈಯಲ್ಲಿ ಬರುತ್ತಿಲ್ಲ. ತಂದುಕೊಟ್ಟವನು ಇನ್ನೂ ಬಾಗಿಲಲ್ಲೇ ನಿಂತಿರುತ್ತಾನೆ ನೋಡು. ನೀನು ಹೇಳುವವರೆಗೂ ಒಳಗೆ ಬರುವುದಿಲ್ಲ ಎಂದಿದ್ದಾನೆ. ಆಯಿ, ಅವನನ್ನು ಕೂಡಿಸು.