ಬಾಗಿಲು ಹಾಕುವ ಮುನ್ನ ಆ ಮರದ ಅಚ್ಚು ಎಲ್ಲಿದೆ ಹೇಳಿ

ಸರ್ಕಾರಿ ಉದ್ದಿಮೆಗಳ ಲಾಭ-ನಷ್ಟ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಪಂಪ್ ಕಾರ್ಖಾನೆ ನಷ್ಟದಲ್ಲಿದೆ, ತಿಂಗಳ ಕೊನೆಗೆ ಬಾಗಿಲು ಹಾಕಬೇಕು ಎಂದು ತಾವು ವರದಿ ಕೊಟ್ಟಿದ್ದೀರಿ. ನಷ್ಟವಾಗಿದೆ, ಒಪ್ಪಿದೆ. ಆದರೆ ಅದು ತಾನಾಗಿ ಬಂತೋ, ಯಾರಾದರೂ ಕೈಹಿಡಿದು ಕರೆತಂದರೋ ಎಂದು ತಮ್ಮ ವರದಿ ಎಲ್ಲಿಯೂ ಕೇಳಿಲ್ಲ. ನನ್ನ ಅನುಮಾನ ಶುರುವಾಗುವುದೇ ಅಲ್ಲಿಂದ.

ಕಾರ್ಮಿಕರ ಸೋಮಾರಿತನವೇ ಕಾರಣವಂತೆ. ತಾವು ಭೇಟಿ ಕೊಟ್ಟ ದಿನ ನಾವು ಕೈಕಟ್ಟಿ ಕೂತಿದ್ದೆವು, ನಿಜ. ಎರಡು ತಿಂಗಳಿಂದ ಕಬ್ಬಿಣವೇ ಬಂದಿರಲಿಲ್ಲ, ಸ್ವಾಮಿ. ಏನನ್ನು ಕರಗಿಸಬೇಕಿತ್ತು, ನಮ್ಮ ಊಟದ ಡಬ್ಬಿಗಳನ್ನೇ? ಕಬ್ಬಿಣದ ಕಡತ ಏಳು ಮೇಜು ದಾಟಬೇಕು. ಆರನೆಯದಕ್ಕೆ ತಲುಪುವಷ್ಟರಲ್ಲಿ ವ್ಯವಸ್ಥಾಪಕ ನಿರ್ದೇಶಕರೇ ಬದಲಾಗಿ, ಅದು ಮತ್ತೆ ಮೊದಲ ಮೇಜಿಗೆ ಬರುತ್ತದೆ. ಇನ್ನು ಸರ್ಕಾರದ್ದೇ ನೀರು ಸರಬರಾಜು ಇಲಾಖೆ ಮೂರು ವರ್ಷದಿಂದ ಖಾಸಗಿ ಕಂಪನಿಯ ಪಂಪುಗಳನ್ನು ಕೊಳ್ಳುತ್ತಿದೆ. ಮನೆಯವರೇ ಎದುರಂಗಡಿಗೆ ಹೋದರೆ ನಮ್ಮ ಅಂಗಡಿ ನಡೆಯುವುದು ಹೇಗೆ?

ನಾನು ಇಲ್ಲಿ ಇಪ್ಪತ್ತಾರು ವರ್ಷದಿಂದ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುವ ಬಡಗಿ. ಆ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಕುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ; ಅಚ್ಚು ಹೇಗಿದೆಯೋ ಪಂಪೂ ಹಾಗೆಯೇ. ದೊಡ್ಡ ಪಂಪಿನ ಅಚ್ಚು ಮಾಡುವಾಗ ಉಳಿ ಜಾರಿ ಗೀರು ಬಿತ್ತು. ಮರದ ಹುಡಿಗೆ ಅಂಟು ಕಲಸಿ ತುಂಬಿದೆ. ತುಸು ಹೆಚ್ಚೇ ಆಯಿತು. ಅಂದಿನಿಂದ ಆ ಅಚ್ಚಿನ ಪ್ರತಿ ಪಂಪಿನ ಹೊಟ್ಟೆಯ ಮೇಲೂ ಕಡಲೆಕಾಳಿನಷ್ಟು ಉಬ್ಬು. ನಾಚಿಕೊಂಡು ಮೇಸ್ತ್ರಿಗೆ ತೋರಿಸಿದರೆ ಅವರು, "ಇರ್ಲಿ ಬಿಡಯ್ಯಾ, ನೀರಿಗೇನು ಗೊತ್ತಾಗುತ್ತೆ" ಎಂದು ನಕ್ಕಿದ್ದರು.

ಕಳೆದ ತಿಂಗಳು ನಮ್ಮಕ್ಕನ ಬೀದಿಗೆ ನೀರು ಬರುವುದು ನಿಂತಿತು. ಇಲಾಖೆಯವರು ಪಂಪ್ ಬಿಚ್ಚಿ ಹೊರಗಿಟ್ಟಿದ್ದರು. ಆ ಖಾಸಗಿ ಕಂಪನಿಯದೇ, ಹೊಸ ಹಸಿರು ಬಣ್ಣದ್ದು. ಸುಮ್ಮನೆ ಕೈಯಾಡಿಸಿದೆ. ಅದೇ ಜಾಗ, ಅದೇ ಉಬ್ಬು. ನನ್ನ ತಪ್ಪು ನನ್ನನ್ನು ಬಿಟ್ಟು ಅಲ್ಲಿಗೆ ಹೋದದ್ದು ಹೇಗೆ?

ಮರುದಿನ ಉಗ್ರಾಣಕ್ಕೆ ಹೋದರೆ ಅಚ್ಚಿಟ್ಟಿದ್ದ ಗೂಡು ಖಾಲಿ. ಹುಳು ಹಿಡಿದಿತ್ತು, ಸುಟ್ಟುಹಾಕಿದೆವು ಎಂದರು ಉಗ್ರಾಣದ ಅಧಿಕಾರಿ. ಅಷ್ಟಕ್ಕೇ ಬಿಡದೆ, ಸುಟ್ಟದ್ದನ್ನು ನಾನೇ ಕಣ್ಣಾರೆ ಕಂಡು ದೃಢೀಕರಿಸಿದ್ದೇನೆ ಎಂಬ ಕಾಗದವನ್ನೂ ಮುಂದಿಟ್ಟರು. ನಾನು ಪೆನ್ನು ಮುಟ್ಟಲಿಲ್ಲ.

"ಸಹಿ ಹಾಕಿದ್ರೆ ಬೇರೆ ಕಾರ್ಖಾನೆಗೆ ಹೋಗೋರ ಪಟ್ಟಿಲಿ ನೀವಿರ್ತೀರಿ. ಇಲ್ಲಾಂದ್ರೆ ಮನೆಗೆ ಹೋಗ್ತೀರಿ," ಎಂದರು ಮೆತ್ತಗೆ.

ಹೆದರಿಕೆಯಾಗಿದೆ, ಮುಚ್ಚಿಡುವುದಿಲ್ಲ. ಐವತ್ತೆರಡು ದಾಟಿದ ಬಡಗಿಗೆ ಕೆಲಸ ಕೊಡುವವರು ಯಾರು? ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಸುಟ್ಟೋರೇ ಬರ್ಕೊಡ್ಲಿ. ನಿಮ್ಮ ಸಹಿ ಯಾಕೆ ಬೇಕಂತೆ?" ಅಷ್ಟು ದೊಡ್ಡ ಸಮಿತಿಯಲ್ಲಿ ಹೀಗೆ ಕೇಳುವವರು ಒಬ್ಬರೂ ಇರಲಿಲ್ಲವೇ, ಅಥವಾ ಕೇಳದವರನ್ನೇ ಹುಡುಕಿ ಆರಿಸಿದ್ದೋ?

ಬೀಗ ಹಾಕುವ ಮೊದಲು ಆ ಹಸಿರು ಪಂಪನ್ನೂ ನಮ್ಮ ಪಂಪನ್ನೂ ಒಂದೇ ಮೇಜಿನ ಮೇಲಿರಿಸಿ, ತಾವೇ ಬೆರಳಾಡಿಸಿ ನೋಡಬೇಕು. ಅಚ್ಚು ಯಾರ ಚೀಟಿಯ ಮೇಲೆ ಗೇಟು ದಾಟಿತೆಂದು, ಈ ಬಹಿರಂಗ ಪತ್ರ ಪ್ರಕಟವಾದ ಇದೇ ಪತ್ರಿಕೆಯಲ್ಲಿ ಉತ್ತರಿಸಬೇಕು. ಆ ಕಾಗದವನ್ನು ಸೋಮವಾರ ಸಹಿಯಿಲ್ಲದೆ ಹಿಂದಿರುಗಿಸುತ್ತೇನೆ.

ಇಂತಿ,
ಸೋಮವಾರದವರೆಗಂತೂ ತಮ್ಮ ನೌಕರನಾಗಿರುವ
ಅಚ್ಚಿನ ಬಡಗಿ