ಮೋರಿಯ ಮೇಲಿನ ಇಳಿಜಾರು

ಸಿಂಗಾಪುರ ಬಡಾವಣೆ, ಬೆಂಗಳೂರು
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಪ್ಪಾ,

ಇವತ್ತು ಬೆಳಿಗ್ಗೆ ಹಾಲು ತರಲು ಹೋದಾಗ ಎದುರುಮನೆ ಸಬೀರಾ ಆಂಟಿಯ ಬಾಗಿಲು ತೆರೆದಿತ್ತು. ಮಗು ಮಲಗುವ ಜೋಳಿಗೆಯನ್ನು ಎಷ್ಟು ಮೇಲಕ್ಕೆ ಕಟ್ಟಿದ್ದರೆಂದರೆ, ಕೂಸನ್ನು ಎತ್ತಿಕೊಳ್ಳಲು ಅವರು ಸ್ಟೂಲು ಹತ್ತಬೇಕಾಯಿತು. ಯಾಕೆಂದು ಬರೆಯುವ ಮೊದಲು ನಿಮ್ಮ ಆರೋಗ್ಯ ಕೇಳಬೇಕು. ಸೊಂಟದ ಹೊಲಿಗೆ ಬಿಚ್ಚಿದರೇ? ಗದಗಿನಲ್ಲಿ ಚಂದ್ರವ್ವ ಅತ್ತೆಯ ರೊಟ್ಟಿ ತಿಂದು ಸ್ವಲ್ಪ ಮೈ ತುಂಬಿಕೊಂಡಿರಬೇಕು. ಗಾಲಿಕುರ್ಚಿಯನ್ನು ನೀವೇ ತಳ್ಳಿಕೊಂಡು ಅಂಗಳಕ್ಕೆ ಬರುತ್ತೀರೆಂದು ಅತ್ತೆ ಹೇಳಿದಾಗ ಅವ್ವ ಫೋನ್ ಇಟ್ಟು ಅತ್ತಳು, ಸಂತೋಷಕ್ಕೇ.

ಆಸ್ಪತ್ರೆಯಿಂದ ನೀವು ಹೇಳಿದ್ದಿರಲ್ಲ, “ಮನೀ ಮುಂದ ಇಳಿಜಾರ ಮಾಡಿಸ್ರಿ. ಚೀಲ ಎತ್ತಿದಂಗ ನನ್ನ ಯಾರೂ ಎತ್ತೂದು ಬ್ಯಾಡ” ಅಂತ. ಅವ್ವ ಮಾಡಿಸಿದ್ದಾಳೆ. ಗೇಟಿನಿಂದ ಮೋರಿಯನ್ನು ದಾಟಿ ರಸ್ತೆಯವರೆಗೆ ನುಣ್ಣನೆಯ ಕಾಂಕ್ರೀಟು. ಮೇಸ್ತ್ರಿ ಶಿವಶರಣಪ್ಪ ಅಡಿಯಲ್ಲಿ ನೀರಿಗೆಂದು ಪೈಪು ಹಾಕಿದ್ದರು. ಅಷ್ಟು ಸಾಕೆಂದುಕೊಂಡೆವು.

ಕಳೆದ ವಾರ ಮಧ್ಯಾಹ್ನದ ಮಳೆಗೆ ಮೋರಿ ನಮ್ಮ ಗೇಟಿನ ಹತ್ತಿರ ಉಕ್ಕಿತು. ನಮ್ಮ ಮನೆ ಎತ್ತರದಲ್ಲಿದೆಯಲ್ಲ, ನೀರೆಲ್ಲ ತಗ್ಗಿನಲ್ಲಿರುವ ಸಬೀರಾ ಆಂಟಿಯ ಮನೆಗೆ ನುಗ್ಗಿತು. ಆಂಟಿ ಹಿಂದೆ ಬಟ್ಟೆ ತೆಗೆಯುತ್ತಿದ್ದರು, ಕೂಸು ನೆಲದ ಚಾಪೆಯ ಮೇಲೆ ಮಲಗಿತ್ತು. ಹೊರಗೆ ಬಿಟ್ಟ ಚಪ್ಪಲಿಗಳು ಬಾಗಿಲೊಳಗೆ ತೇಲಿ ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಕೂಗಬೇಕೆಂದರೆ ದನಿ ಹೊರಡಲಿಲ್ಲ ಅಪ್ಪಾ. ಎಂ.ಎ. ಓದಿ ಕಲಿತ ಮಾತೆಲ್ಲ ಉಪಯೋಗಕ್ಕೆ ಬರಲಿಲ್ಲ. ಅಷ್ಟರಲ್ಲಿ ಆಂಟಿಯೇ ಓಡಿ ಬಂದು ಎತ್ತಿಕೊಂಡರು. ಕೂಸಿನ ಬೆನ್ನು ನೆನೆದಿತ್ತು, ಅಷ್ಟೇ. ಮೋಡ ಕವಿದರೆ ನನಗೆ ಅನ್ನ ಸೇರುವುದಿಲ್ಲ.

ಮುಂದಿನ ಮಳೆಗೆ ಮೊದಲೇ ನೀರು ಎಲ್ಲಿ ಕಟ್ಟುತ್ತದೆಂದು ತಿಳಿಯಲು ಮೊನ್ನೆ ಬೀದಿಯವರೆಲ್ಲ ಸೇರಿದರು. ಆಟೋ ಓಡಿಸುವ ಗಯಾಸ್ ಟ್ಯಾಂಕರ್ ತರಿಸಿ, ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ, ಮೇಲಿನ ತಿರುವಿನಿಂದ ಮೋರಿಗೆ ಬಿಟ್ಟರು. “ಯಾರ ಮನೆ ಮುಂದೆ ನಿಲ್ಲುತ್ತೋ ಅವ್ರೇ ಎಲ್ಲಾರ್ಗೂ ಟೀ ಕೊಡಿಸ್ಬೇಕು ಕಣ್ರೀ!” ಎಂದು ನಗಿಸಿದರು. ನೀಲಿ ನೀರು ನಮ್ಮ ಇಳಿಜಾರಿನವರೆಗೆ ಬಂದು ನಿಂತಿತು. ಆಮೇಲೆ ಏರತೊಡಗಿತು. ಯಾರೂ ಟೀ ಕೇಳಲಿಲ್ಲ. ಶಿವಶರಣಪ್ಪ ಬಗ್ಗಿ ನೋಡಿ, “ಪೈಪ್ ಸಾಲಂಗಿಲ್ರೀ, ಒಡೀಬೇಕು” ಅಂದರು. “ಬಿಡು ಗುರು, ವಿರೂಪಾಕ್ಷಣ್ಣ ಬರ್ಲಿ, ಪಾಪ” ಎಂದು ನಿಮ್ಮ ಹೆಸರು ಹೇಳಿದರು ಗಯಾಸ್. ಸಬೀರಾ ಆಂಟಿಯಂತೂ, “ಅಣ್ಣಂಗೆ ತಕ್ಲೀಫ್ ಬೇಡ. ನಾನೇ ಮಗೂನ ಮೇಲೆ ಕಟ್ಕೋತೀನಿ” ಅಂದುಬಿಟ್ಟರು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ನೀರು ಕೆಳಗೆ ಹರಿಯುವಂಥ ಕಬ್ಬಿಣದ ಜಾಲರಿಯ ಇಳಿಜಾರು ಮಾಡಿಸಬಹುದಂತೆ, ಆದರೆ ಅದು ಸಿದ್ಧವಾಗುವುದು ದಸರೆ ಕಳೆದ ಮೇಲಂತೆ. ನೀವು ಬರುವುದು ಮುಂದಿನ ಭಾನುವಾರ. ಮಳೆ ಯಾವ ಗಳಿಗೆಯಲ್ಲಾದರೂ ಬರಬಹುದು. “ನಿಮ್ಮಪ್ಪನ್ನ ಕೇಳದ ಏನೂ ಮಾಡಬ್ಯಾಡ” ಎಂದು ಅವ್ವ ಹೇಳಿದ್ದಾಳೆ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನಗೆ ಇದನ್ನೆಲ್ಲ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅತ್ತೆಗೆ ನಮಸ್ಕಾರ ತಿಳಿಸಿ. ಮಾತ್ರೆ ನುಂಗುವುದಕ್ಕೆ ಅವರ ಹತ್ತಿರ ಹಟ ಮಾಡಬೇಡಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ, ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಇಡಿ.

ನಿಮ್ಮ ಮಗಳು,
ಸ್ಮಿತಾ

ತಾ.ಕ.: ಶಿವಶರಣಪ್ಪನವರಿಗೆ ನಾನೇ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಇಳಿಜಾರು ಒಡೆಯುತ್ತಾರೆ. ಇದು ನಿಮಗೆ ಮುಟ್ಟುವ ಹೊತ್ತಿಗೆ ಒಡೆದಾಗಿರುತ್ತದೆ. ಅವ್ವನಿಗೆ ಇನ್ನೂ ಹೇಳಿಲ್ಲ. ನೀವು ಬಂದ ದಿನ ನಿಮ್ಮನ್ನು ಎತ್ತಲೇಬೇಕಾಗುತ್ತದೆ. ಎಡಗಡೆ ನಾನಿರುತ್ತೇನೆ. ಬೈಯಿರಿ ಅಪ್ಪಾ, ಆದರೆ ನನ್ನ ಹೆಗಲು ಹಿಡಿದುಕೊಂಡು ಬೈಯಿರಿ.