ಹಂಡೆಯ ಸಂವಿಧಾನ

ವಿಜಯನಗರ, ೨೩-೯-೮೭

ಪ್ರೀತಿಯ ಅಕ್ಕ,

ಮನೆಯಲ್ಲಿ ನೀನು ಬಚ್ಚಲ ಬಾಗಿಲು ಹಾಕಿಕೊಂಡರೆ ಅದೇ ಕಾನೂನು. ಇಲ್ಲಿ ಹಾಸ್ಟೆಲಿಗೆಲ್ಲ ಬಿಸಿನೀರಿನ ಹಂಡೆ ಒಂದೇ. ದೊಡ್ಡ ಹಾಲಿನ ಹನ್ನೆರಡು ಹುಡುಗಿಯರದು ಮೊದಲ ಸರದಿ, ಇಬ್ಬಿಬ್ಬರಿರುವ ನಮ್ಮ ನಾಲ್ಕು ರೂಮುಗಳದು ಕೊನೆ. ಹಾಗಾಗಿ ನಾನು ದಿನಾ ಫಸ್ಟ್ ಪೀರಿಯಡ್ಡಿಗೆ ಲೇಟು. ಇನ್ನೊಂದು ದಿನ ಹಾಜರಿ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ!

ಇನ್ನೂರು ವರ್ಷದ ಹಿಂದೆ ಅಮೆರಿಕದವರು ಸಂವಿಧಾನ ಬರೆಯುವಾಗ ದೊಡ್ಡ ರಾಜ್ಯಗಳಿಗೂ ಚಿಕ್ಕ ರಾಜ್ಯಗಳಿಗೂ ಇದೇ ಜಗಳವಂತೆ. ಕೊನೆಗೆ ಎರಡು ಸಭೆ ಮಾಡಿ, ಒಂದಕ್ಕೆ ತಲೆ ಎಣಿಸಿದರು, ಇನ್ನೊಂದರಲ್ಲಿ ಎಲ್ಲ ರಾಜ್ಯಕ್ಕೂ ಸಮಪಾಲು ಕೊಟ್ಟರು. ಹಿಸ್ಟರಿ ಕ್ಲಾಸಿನಲ್ಲಿ ಕೇಳಿದ್ದನ್ನು ಹೆದರುತ್ತಲೇ ಹಾಸ್ಟೆಲಿನಲ್ಲಿ ಹೇಳಿದೆ. ಎರಡು ಎಣಿಕೆಯಲ್ಲೂ ಗೆದ್ದರೆ ಮಾತ್ರ ನಿಯಮ ಎಂದು ಎಲ್ಲರೂ ಒಪ್ಪಿದರು. ಆದರೆ ತಲೆ ಎಣಿಸಿದರೆ ಹಾಲಿಗೆ ಜಯ, ರೂಮು ಎಣಿಸಿದರೆ ನಮಗೆ. ಯಾವ ನಿಯಮವೂ ಪಾಸಾಗಲಿಲ್ಲ.

ಅಡುಗೆಯ ಇಂದ್ರಮ್ಮ, "ಮೊದ್ಲು ನಿಮ್ ಅಮೆರಿಕ ತೀರ್ಮಾನ ಮಾಡ್ಕೊಳ್ರಮ್ಮ, ಆಮೇಲೆ ಒಲೆ ಹಚ್ತೀನಿ" ಎಂದರು. ಮೂರು ದಿನ ಎಲ್ಲರಿಗೂ ತಣ್ಣೀರು.

ಇವತ್ತು ಹಾಲಿನ ಲೀಡರ್ ಕೋಕಿಲಾ ಸೀನುತ್ತಾ ಸೋತಳು: "ಸಾಕು ಕಣೇ! ಹಾಲೂ ಸೇರಿ ದಿನಕ್ಕೊಂದು ರೂಮು ಫಸ್ಟ್. ಲಿಸ್ಟ್ ನೀನೇ ಬರಿ."

ನನ್ನ ರೂಮನ್ನೇ ಮೊದಲು ಬರೆದರೆ ಏನಂದುಕೊಳ್ಳುತ್ತಾರೋ ಎಂದು ಭಯವಾಗಿ ಕೊನೆಗೆ ಬರೆದೆ. ನಗಬೇಡ.

ನನಗೂ ಶೀತ, ಅಮ್ಮನಿಗೆ ಹೇಳಬೇಡ. ನನ್ನ ನೀಲಿ ಸ್ವೆಟರ್ ಬೇಗ ಕಳಿಸು. ಹೊಸ ಸಂವಿಧಾನ ನಾಳೆಯಿಂದ ಜಾರಿ. ಹಂಡೆ ತುಂಬಾ ಬಿಸಿನೀರು ಇರುತ್ತದೆ, ಆದರೆ ನನ್ನ ಸರದಿಗೆ ಕಾದರೆ ಪರೀಕ್ಷೆ ಹೋಗುತ್ತದೆ; ತಣ್ಣೀರು ಸುರಿದುಕೊಂಡು ಕ್ಲಾಸಿಗೆ ಓಡುವವಳು ನಾನೊಬ್ಬಳೇ.

ಕಾರ್ಡಿನಲ್ಲಿ ಜಾಗವಿಲ್ಲ.
ಪದ್ಮಿನಿ